ಅನುಪಾನದಿಂದ ಸಹದ್ರವ್ಯದವರೆಗೆ: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಹಿನ್ನೆಲೆಯಲ್ಲಿ ಒಂದು ಚಾರಿತ್ರಿಕ ವಿವೇಚನೆ

1

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಎಡೆದೊರೆ ನಾಡಿನ ಚರಿತ್ರೆಯನ್ನು ವಿದ್ವಾಂಸರು ಹೆಚ್ಚಾಗಿ ಶಾಸನ, ಕೋಟೆ, ಕದನಗಳ ಮೂಲಕವೇ ನೋಡುತ್ತ ಬಂದಿದ್ದಾರೆ. ಅದು ಸಹಜವೂ ಹೌದು. ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು 1915ರಲ್ಲಿ ಮಸ್ಕಿಯಲ್ಲಿ ಕಂಡ ಬಂಡೆಯ ಶಾಸನವು 'ದೇವಾನಾಂಪ್ರಿಯ' ಎಂಬ ಬಿರುದಿನ ಅರಸನು ಅಶೋಕನೇ ಎಂಬುದನ್ನು ಹೆಸರಿಟ್ಟು ಹೇಳಿ, ಬಹುಕಾಲದ ಚರ್ಚೆಯೊಂದನ್ನು ಮುಗಿಸಿತು. ಮುದಗಲ್ಲಿನ ಕೋಟೆಯು ವಿಜಯನಗರ, ಬಹಮನಿ ಅರಸರ ನಡುವೆ ಎಷ್ಟು ಸಲ ಕೈಬದಲಾಯಿಸಿತೆಂಬುದು ವಿದ್ಯಾರ್ಥಿಗಳೆಲ್ಲ ಬಲ್ಲ ಸಂಗತಿ. ನಿಜಾಮರ ಕಾಲದಲ್ಲಿ ಜಿಲ್ಲಾ ಕೇಂದ್ರವಾಗಿದ್ದ ಲಿಂಗಸುಗೂರು 1905ರಲ್ಲಿ ರಾಯಚೂರು ಜಿಲ್ಲೆಯಲ್ಲಿ ಲೀನವಾಯಿತು.

ಈ ಪ್ರಬಂಧದಲ್ಲಿ ನಾವು ಎತ್ತಿಕೊಂಡಿರುವ ವಿಷಯವು ಶಾಸನಗಳಲ್ಲಿ ಸಿಕ್ಕತಕ್ಕದ್ದಲ್ಲ. ಔಷಧದಲ್ಲಿ ಔಷಧವಲ್ಲದ್ದು, ಆಹಾರದಲ್ಲಿ ಆಹಾರವಲ್ಲದ್ದು ಎಂದು ಎಣಿಸಲ್ಪಟ್ಟಿದ್ದರೂ ಅವುಗಳೊಡನೆ ಬೆರೆತು ನಮ್ಮ ದೇಹವನ್ನು ಸೇರುವ ಪದಾರ್ಥಗಳ ಚರಿತ್ರೆಯೇ ಈ ವಿಷಯ. ಗುಳಿಗೆಯನ್ನು ಗಟ್ಟಿಗೊಳಿಸುವ ಪಿಷ್ಟ, ಎಣ್ಣೆಯನ್ನೂ ನೀರನ್ನೂ ಒಂದುಗೂಡಿಸುವ ಗೋಂದು, ಪಾನಕದಂಥ ಔಷಧಿಗೆ ದ್ರವವಾಗಿ ನಿಲ್ಲುವ ಗ್ಲಿಸರಿನ್, ಸಿಹಿತಿಂಡಿಗೆ ಹಾಕುವ ಬಣ್ಣ, ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ. ಇವನ್ನು ನಾವು ಒಟ್ಟಾಗಿ ಸಹದ್ರವ್ಯಗಳೆಂದು ಕರೆಯುತ್ತೇವೆ. ಇವುಗಳಲ್ಲಿ ಒಂದು ಪಂಗಡಕ್ಕೆ ಇಪ್ಪತ್ತನೆಯ ಶತಮಾನದ ನಡುವಿನಿಂದ ಸರ್ಫ್ಯಾಕ್ಟಂಟ್ ಎಂಬ ಹೆಸರು ಬಳಕೆಗೆ ಬಂದಿದೆ.

ಈ ವಿಚಾರಕ್ಕೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳೇ ಏಕೆ ಎಂದು ಕೇಳಬಹುದು. ಇಂಥ ದ್ರವ್ಯಗಳಿಗೆ ಮೂಲವಾದ ಬೆಳೆಗಳು ಈ ಸೀಮೆಯ ಹೊಲಗಳಲ್ಲಿ ಬೆಳೆಯುತ್ತವೆ. ಅವುಗಳಿಂದ ಪರಿಷ್ಕೃತವಾದ ವಸ್ತುಗಳು ಮಾತ್ರ ಗುರುತು ಸಿಗದ ಹೆಸರು ಹೊತ್ತು ಇಲ್ಲಿಯ ಅಂಗಡಿಗಳಿಗೆ ಹಿಂದಿರುಗುತ್ತವೆ. ನಾವು ಪ್ರತಿಪಾದಿಸಬೇಕೆಂದಿರುವ ಮಾತು ಒಂದೇ. ಸಹದ್ರವ್ಯವು ನಿಷ್ಕ್ರಿಯವೆಂಬ ಭಾವನೆ ಚರಿತ್ರೆಯ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಹಿಂದಿನವರು ಅದಕ್ಕೆ ಹೆಸರಿಟ್ಟು ಲೆಕ್ಕದಲ್ಲಿ ಹಿಡಿದಿದ್ದರು. ಹೊಸ ಕಾಲವು ಅದನ್ನು ಲೆಕ್ಕದಿಂದ ಬಿಟ್ಟಿತು. ಬಿಟ್ಟುದಕ್ಕೆ ಬೆಲೆ ತೆತ್ತವರು ಬಹುಮಟ್ಟಿಗೆ ಮಕ್ಕಳು.

2

ಮೊದಲು ಸರ್ಫ್ಯಾಕ್ಟಂಟಿನ ಕೆಲಸವನ್ನು ಅರಿಯಬೇಕು. ಎಣ್ಣೆಯೂ ನೀರೂ ಕೂಡುವುದಿಲ್ಲವೆಂಬುದು ಎಲ್ಲರ ಅನುಭವ. ಒಂದು ತುದಿ ನೀರನ್ನೂ ಇನ್ನೊಂದು ತುದಿ ಎಣ್ಣೆಯನ್ನೂ ಬಯಸುವ ಅಣುವಿದ್ದರೆ ಅದು ಇವೆರಡರ ನಡುವಣ ಮೇರೆಯಲ್ಲಿ ನಿಂತು ಸಂಧಾನ ಮಾಡುತ್ತದೆ. ಅಲ್ಲಿಯ ಬಿಗಿತ ಸಡಿಲಿ, ಎಣ್ಣೆಯು ಸೂಕ್ಷ್ಮ ಹನಿಗಳಾಗಿ ಒಡೆದು ನೀರಿನಲ್ಲಿ ತೇಲಿ ನಿಲ್ಲುತ್ತದೆ. ಸಾಬೂನು ಕೊಳೆಯನ್ನು ಎತ್ತುವುದೂ, ಹಾಲಿನಲ್ಲಿ ಬೆಣ್ಣೆಯ ಅಂಶ ಬೇರೆಯಾಗದೆ ಹರಡಿ ನಿಲ್ಲುವುದೂ, ಮಜ್ಜಿಗೆ ಕಡೆದಾಗ ಆ ಒಪ್ಪಂದ ಮುರಿದು ಬೆಣ್ಣೆ ಮೇಲೆ ಬರುವುದೂ ಒಂದೇ ತತ್ತ್ವದ ಬೇರೆ ಬೇರೆ ಮುಖಗಳು.

ಈ ತತ್ತ್ವದ ಬಳಕೆಗೆ ನಮ್ಮ ಜನ ಪ್ರಯೋಗಶಾಲೆಗಾಗಿ ಕಾಯಲಿಲ್ಲ. ತಲೆಗೆ ಸೀಗೆಕಾಯಿ, ರೇಷ್ಮೆಗೂ ಚಿನ್ನದ ಒಡವೆಗೂ ಅಂಟುವಾಳ; ಇವೆರಡರಲ್ಲಿಯೂ ನೊರೆ ಕೊಡುವ ಸಪೋನಿನ್ ಎಂಬ ದ್ರವ್ಯವಿದೆ. ಅಗಸರು ಬಟ್ಟೆಗೆ ಬಳಸುತ್ತಿದ್ದ ಸವಳುಮಣ್ಣಿನಲ್ಲಿರುವ ಕ್ಷಾರವು ಬಟ್ಟೆಯ ಜಿಡ್ಡಿನೊಡನೆ ಸೇರಿ ತಾನೇ ಸಾಬೂನಿನಂತೆ ವರ್ತಿಸುತ್ತದೆ. ಬೆಲ್ಲದ ಆಲೆಮನೆಯಲ್ಲಿ ಕೊಪ್ಪರಿಗೆಯ ಹಾಲು ಉಕ್ಕಿ ಬಂದಾಗ ಕೆಲವು ಹನಿ ಎಣ್ಣೆ ಚಿಮುಕಿಸಿ ನೊರೆಯನ್ನು ಅಡಗಿಸುವುದುಂಟು. ಬೆಂಡೆಗಿಡದ ಲೋಳೆ ಹಾಕಿ ಕಸವನ್ನು ಮೇಲೆತ್ತಿ ತೆಗೆಯುವುದುಂಟು. ಇಂದಿನ ಕಾರ್ಖಾನೆಯ ಪರಿಭಾಷೆಯಲ್ಲಿ ಮೊದಲನೆಯದು ನೊರೆನಿರೋಧಕ, ಎರಡನೆಯದು ಶೋಧಕ. ಬಾಣಂತಿಗೆ ಕಟ್ಟಿಕೊಡುವ ಅಂಟಿನ ಉಂಡೆಯನ್ನು ಉತ್ತರ ಕರ್ನಾಟಕದ ಯಾವ ಮನೆ ಅರಿಯದು? ಆ ಅಂಟಿನ ಜಾತಿಗೇ ಸೇರಿದ ಗೋಂದಿನಿಂದ ಔಷಧಶಾಲೆಯವರು ನಾಲ್ಕು ಪಾಲು ಎಣ್ಣೆ, ಎರಡು ಪಾಲು ನೀರು, ಒಂದು ಪಾಲು ಗೋಂದು ಎಂಬ ಲೆಕ್ಕದಲ್ಲಿ ಅರೆದು ಎಮಲ್ಷನ್ ಸಿದ್ಧಪಡಿಸುವ ಕ್ರಮವು ಔಷಧವಿಜ್ಞಾನದ ವಿದ್ಯಾರ್ಥಿಗಳಿಗೆ ಮೊದಲ ಪಾಠಗಳಲ್ಲೊಂದು.

3

ಔಷಧದ ಜೊತೆಗಾರ ದ್ರವ್ಯಕ್ಕೆ ನಮ್ಮ ವೈದ್ಯಶಾಸ್ತ್ರದಲ್ಲಿ ಅನುಪಾನವೆಂದು ಹೆಸರು. ಜೇನು, ತುಪ್ಪ, ಮಜ್ಜಿಗೆ, ಹಾಲು, ಬಿಸಿನೀರು, ಇವುಗಳಲ್ಲಿ ಯಾವುದರೊಡನೆ ಕೊಡಬೇಕೆಂಬುದು ಔಷಧದಷ್ಟೇ ಮುಖ್ಯವಾದ ನಿರ್ಣಯವಾಗಿತ್ತು. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಅನ್ನಪಾನಗಳನ್ನು ಕುರಿತ ಅಧ್ಯಾಯವು ಅನುಪಾನಗಳನ್ನೇ ಒಂದು ವರ್ಗವಾಗಿ ವಿವರಿಸುತ್ತದೆ. ಮಧ್ಯಯುಗದ ಶಾರ್ಙ್ಗಧರ ಸಂಹಿತೆಯು ಅನುಪಾನದ ಬಲವನ್ನು ತಿಳಿಸುವುದಕ್ಕೆ ನೀರಿನ ಮೇಲೆ ಕ್ಷಣಮಾತ್ರದಲ್ಲಿ ಹರಡುವ ಎಣ್ಣೆಯ ಹೋಲಿಕೆಯನ್ನು ಕೊಡುತ್ತದೆ. ನಮ್ಮ ವಿಷಯಕ್ಕೆ ಇದಕ್ಕಿಂತ ಸಮೀಪವಾದ ಉಪಮೆಯನ್ನು ಹುಡುಕಿ ತರುವುದು ಕಷ್ಟ.

ಇದೇ ದೃಶ್ಯವು ಬಹುಕಾಲದ ನಂತರ ಪಶ್ಚಿಮದಲ್ಲಿ ಪ್ರಯೋಗದ ವಸ್ತುವಾಯಿತು. ಲಂಡನ್ನಿನ ಕ್ಲಾಪಮ್ ಕೊಳದಲ್ಲಿ ಒಂದು ಚಮಚ ಎಣ್ಣೆಯು ಸುಮಾರು ಅರ್ಧ ಎಕರೆ ನೀರನ್ನು ಆವರಿಸಿ ಅಲೆಗಳನ್ನು ಶಾಂತಗೊಳಿಸಿದ ಬಗೆಯನ್ನು ಬೆಂಜಮಿನ್ ಫ್ರಾಂಕ್ಲಿನ್ 1774ರಲ್ಲಿ ಪ್ರಕಟಿಸಿದನು. ಆಗ್ನೆಸ್ ಪೋಕೆಲ್ಸ್ ಎಂಬ ಜರ್ಮನ್ ಮಹಿಳೆ ತನ್ನ ಅಡುಗೆಮನೆಯಲ್ಲೇ ನೀರಿನ ಮೇಲ್ಮೈಯನ್ನು ಅಳೆಯುವ ಸಾಧನ ಮಾಡಿಕೊಂಡಳು. ಅವಳ ಪತ್ರವು 1891ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು. ಸಾಬೂನಿನ ಅಣುಗಳು ನೀರಿನಲ್ಲಿ ಗುಂಪುಗೂಡುತ್ತವೆಂದು ಸಾಧಿಸಿ, ಆ ಗುಂಪಿಗೆ ಮಿಸೆಲ್ ಎಂದು ಹೆಸರಿಟ್ಟ ಜೇಮ್ಸ್ ಮೆಕ್‌ಬೇನ್ ಮುಂದೆ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದ ಮೊದಲ ನಿರ್ದೇಶಕನಾಗಿ ಬಂದುದು ನಮ್ಮವರು ನೆನೆಯತಕ್ಕ ಸಂಗತಿ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಶಾರ್ಙ್ಗಧರನು ಅಣುಗಳ ವಿಚಾರವನ್ನು ಬಲ್ಲವನಾಗಿದ್ದನೆಂದು ನಾವು ಹೇಳುತ್ತಿಲ್ಲ. ಉಪಮೆಯು ಸಿದ್ಧಾಂತವಾಗದು. ಅಂತೆಯೇ ಹಳೆಯ ಅನುಪಾನವೆಲ್ಲವೂ ನಿರಪಾಯವೆಂದೂ ಭಾವಿಸಬಾರದು. ಕೂಸಿಗೆ ಬಜೆಯನ್ನು ತೇಯ್ದು ಜೇನಿನಲ್ಲಿ ನೆಕ್ಕಿಸುವ ವಾಡಿಕೆ ನಮ್ಮಲ್ಲಿದೆ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನು ಕೊಡಲಾಗದೆಂದು, ಅದರಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣುವಿನ ಬೀಜಕಗಳಿಂದ ಅಪಾಯವುಂಟೆಂದು ಈಗಿನ ವೈದ್ಯರು ಹೇಳುತ್ತಾರೆ. ಹಿಂದಿನವರ ಹಿರಿಮೆಯು ಅನುಪಾನಕ್ಕೆ ಹೆಸರು ಕೊಟ್ಟುದರಲ್ಲಿದೆ. ರೋಗಿಯ ಮನೆಯವರಿಗೆ ಯಾವುದರಲ್ಲಿ ಔಷಧ ಕೊಟ್ಟೆವೆಂಬುದು ತಿಳಿದಿರುತ್ತಿತ್ತು. ಅದನ್ನು ಬೆರೆಸುತ್ತಿದ್ದವರೂ ಅವರೇ.

4

ಇನ್ನು ನಮ್ಮ ಸೀಮೆಯ ಬೆಳೆಗಳಿಗೆ ಬರೋಣ. ತುಂಗಭದ್ರೆಯ ನೀರು ಬರುವುದಕ್ಕೆ ಮುಂಚೆ ಈ ಎರೆಭೂಮಿ ಮಳೆಯನ್ನು ನಂಬಿದ್ದ ನಾಡು. ಜೋಳ, ಸಜ್ಜೆ, ಹತ್ತಿ, ಶೇಂಗಾ, ಕುಸುಬೆಗಳು ಇಲ್ಲಿಯ ಬೆಳೆ. ಹೊಲದ ಬದುಗಳಲ್ಲಿ ಕರಿಜಾಲಿ. ಹಳೆಯ ಹೈದರಾಬಾದು ಸಂಸ್ಥಾನವು ಔಡಲದ ಬೆಳೆಗೆ ಹೆಸರಾಗಿತ್ತು. ಈ ಔಡಲದ ಎಣ್ಣೆಯ ಚರಿತ್ರೆಯೇ ಸರ್ಫ್ಯಾಕ್ಟಂಟುಗಳ ಚರಿತ್ರೆಯ ಒಂದು ಮುಖ್ಯ ಅಧ್ಯಾಯ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನ ಬಣ್ಣಗಾರರು ಹರಳೆಣ್ಣೆಗೆ ಗಂಧಕಾಮ್ಲವನ್ನು ಸೇರಿಸಿ 'ಟರ್ಕಿ ರೆಡ್ ಆಯಿಲ್' ಎಂಬ ದ್ರವವನ್ನು ತಯಾರಿಸಿದರು. ಹತ್ತಿಬಟ್ಟೆಗೆ ಕೆಂಪು ಬಣ್ಣ ಸಮನಾಗಿ ಹಿಡಿಯಲೆಂದು ಮಾಡಿದ ಈ ಎಣ್ಣೆಯು ಸಾಬೂನನ್ನು ಬಿಟ್ಟರೆ ಮನುಷ್ಯನು ತಯಾರಿಸಿದ ಮೊದಲ ಸರ್ಫ್ಯಾಕ್ಟಂಟುಗಳಲ್ಲಿ ಒಂದು. ಇಪ್ಪತ್ತನೆಯ ಶತಮಾನದಲ್ಲಿ ಅದೇ ಹರಳೆಣ್ಣೆಯನ್ನು ಬೇರೊಂದು ರೀತಿಯಲ್ಲಿ ಮಾರ್ಪಡಿಸಿ, ನೀರಿನಲ್ಲಿ ಕರಗದ ಔಷಧಗಳನ್ನು ರಕ್ತನಾಳಕ್ಕೆ ಕೊಡುವುದಕ್ಕಾಗಿ ದ್ರಾವಕವೊಂದನ್ನು ಮಾಡಿದರು. ಅರ್ಬುದರೋಗಕ್ಕೆ ಕೊಡುವ ಪ್ಯಾಕ್ಲಿಟಾಕ್ಸೆಲ್ ಎಂಬ ಔಷಧವು ಇದರಲ್ಲಿಯೇ ಕರಗಿ ರೋಗಿಯ ದೇಹ ಸೇರುತ್ತ ಬಂದಿದೆ. ಕೆಲವರಲ್ಲಿ ತಲೆದೋರುವ ತೀವ್ರ ಅಲರ್ಜಿಗೆ ಔಷಧಕ್ಕಿಂತ ಈ ದ್ರಾವಕವೇ ಬಹುಮಟ್ಟಿಗೆ ಕಾರಣವೆಂದು ಕಂಡುಬಂದುದರಿಂದ, ಮೊದಲೇ ಅಲರ್ಜಿನಿರೋಧಕ ಔಷಧಗಳನ್ನು ಕೊಟ್ಟು ಅನಂತರ ಇದನ್ನು ಕೊಡುವ ಪದ್ಧತಿ ಬೆಳೆಯಿತು. ವಾಹನವು ನಿಷ್ಕ್ರಿಯವಲ್ಲವೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ತಿಯಾದ ಮೇಲೆ ಎಡದಂಡೆಯ ಕಾಲುವೆಯಿಂದ ಸಿಂಧನೂರಿನ ಮುಖವೇ ಬದಲಾಯಿತು. ಹಗುರ ನೀರಾವರಿಯ ಬೆಳೆಗಳಿಗೆಂದು ಯೋಚಿಸಿದ ನೀರು ಭತ್ತದ ಗದ್ದೆಗಳಿಗೆ ಹರಿಯಿತು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ತಲೆಯೆತ್ತಿದುವು. ಅಕ್ಕಿಯ ಗಿರಣಿಗಳು ಪಟ್ಟಣವನ್ನು ಸುತ್ತುವರಿದುವು. ನೀರು ಹೆಚ್ಚಾದೆಡೆ ನೆಲ ಸವಳು-ಜವಳಾದುದು ಈ ಏಳಿಗೆಯ ಇನ್ನೊಂದು ಮುಖ. ಗಿರಣಿಯಲ್ಲಿ ಅಕ್ಕಿಯನ್ನು ಬೆಳ್ಳಗೆ ಮಾಡುವಾಗ ಉದುರುವ ತೌಡಿನಲ್ಲಿ ನೂರಕ್ಕೆ ಸುಮಾರು 15ರಿಂದ 20 ಪಾಲು ಎಣ್ಣೆಯಿರುತ್ತದೆ. ತೌಡಿನಲ್ಲಿರುವ ಕಿಣ್ವವು ಕೆಲವೇ ಗಂಟೆಗಳಲ್ಲಿ ಆ ಎಣ್ಣೆಯನ್ನು ಒಡೆದು ಕೆಡಿಸತೊಡಗುವುದರಿಂದ ಅದನ್ನು ಬೇಗನೆ ಶಾಖಕ್ಕೆ ಒಡ್ಡಬೇಕು, ಇಲ್ಲವೆ ಎಣ್ಣೆ ತೆಗೆಯುವ ಕಾರ್ಖಾನೆಗೆ ಸಾಗಿಸಬೇಕು. ಎಣ್ಣೆಯನ್ನು ಶುದ್ಧಿಮಾಡುವಾಗ ಬೇರೆಯಾಗುವ ಅಂಟಿನಂಥ ಭಾಗದಲ್ಲಿ ಲೆಸಿಥಿನ್ ಇರುತ್ತದೆ. ಅದು ಸ್ವಾಭಾವಿಕ ಸರ್ಫ್ಯಾಕ್ಟಂಟು. ಚಾಕೊಲೇಟು, ಬಿಸ್ಕತ್ತು, ಮೃದುಗುಳಿಗೆಗಳಲ್ಲಿ ಬಳಕೆಯಾಗುವ ಲೆಸಿಥಿನ್ ಹೆಚ್ಚಾಗಿ ಸೋಯಾ ಅವರೆಯಿಂದ ಬಂದರೂ ತೌಡಿನಿಂದಲೂ ಅದನ್ನು ಪಡೆಯಬಹುದು.

ಅಕ್ಕಿ, ಗೋವಿನಜೋಳ, ಆಲೂಗಡ್ಡೆಗಳ ಪಿಷ್ಟವು ಗುಳಿಗೆಯನ್ನು ಕಟ್ಟಿ ನಿಲ್ಲಿಸುತ್ತದೆ. ಹೊಟ್ಟೆಯೊಳಗೆ ನೀರು ಹೀರಿ ಉಬ್ಬಿ ಅದನ್ನೇ ಒಡೆಯುತ್ತದೆ. ಹತ್ತಿ ಮತ್ತು ಮರದ ನಾರಿನ ಸೆಲ್ಯುಲೋಸನ್ನು ಪರಿಷ್ಕರಿಸಿದ ಪುಡಿಯೂ ಗುಳಿಗೆಯ ಮೈಯಾಗುತ್ತದೆ. ಈ ಮೈಯ ಪ್ರಮಾಣವೆಷ್ಟೆಂಬುದಕ್ಕೆ ಒಂದು ಉದಾಹರಣೆ ಸಾಕು. ಥೈರಾಯ್ಡ್ ಕೊರತೆಗೆ ಕೊಡುವ 100 ಮೈಕ್ರೋಗ್ರಾಂ ಔಷಧದ ಗುಳಿಗೆಯು ಸುಮಾರು 100 ಮಿಲಿಗ್ರಾಂ ತೂಗುವುದಾದರೆ, ಅದರಲ್ಲಿ ಔಷಧವು ಸಾವಿರಕ್ಕೆ ಒಂದು ಪಾಲು. ಉಳಿದ 999 ಪಾಲೂ ಸಹದ್ರವ್ಯ.

5

ಈ 999 ಪಾಲನ್ನು ಕಾನೂನು ಬಹುಕಾಲ ಕಾಣಲಿಲ್ಲ. ಕಣ್ಣು ತೆರೆಸಿದ ಘಟನೆ ನಡೆದುದು ಅಮೆರಿಕದಲ್ಲಿ, 1937ರಲ್ಲಿ. ಸಲ್ಫನಿಲಮೈಡ್ ಆಗ ಪರೀಕ್ಷಿತವಾದ ಒಳ್ಳೆಯ ಔಷಧ. ಮಕ್ಕಳು ಗುಳಿಗೆ ನುಂಗಲಾರರೆಂದು ಅದನ್ನು ಸಿಹಿ ದ್ರವವಾಗಿ ಮಾಡಲು ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರಾವಕದಲ್ಲಿ ಕರಗಿಸಿದರು. ರುಚಿ, ಬಣ್ಣ, ಪರಿಮಳಗಳನ್ನು ಪರೀಕ್ಷಿಸಿದರು, ವಿಷವನ್ನು ಪರೀಕ್ಷಿಸಲಿಲ್ಲ. ಮೂತ್ರಪಿಂಡಗಳು ಕೆಟ್ಟು ನೂರಕ್ಕೂ ಹೆಚ್ಚು ಮಂದಿ ಸತ್ತರು. ಆ ದ್ರವವನ್ನು ಅಧಿಕಾರಿಗಳು ಮುಟ್ಟುಗೋಲು ಹಾಕಲು ಸಾಧ್ಯವಾದುದು ಅದು ವಿಷವೆಂಬ ಕಾರಣಕ್ಕಲ್ಲ; ಮದ್ಯಸಾರವಿಲ್ಲದ ದ್ರವಕ್ಕೆ 'ಎಲಿಕ್ಸಿರ್' ಎಂಬ ಹೆಸರಿಟ್ಟುದು ತಪ್ಪೆಂಬ ಕಾರಣಕ್ಕೆ. ಮರುವರ್ಷ, 1938ರಲ್ಲಿ, ಅಲ್ಲಿ ಹೊಸ ಕಾನೂನು ಬಂದಿತು.

ಭಾರತದಲ್ಲಿ ಕರ್ನಲ್ ಚೋಪ್ರಾ ಅವರ ಅಧ್ಯಕ್ಷತೆಯ ಸಮಿತಿಯು 1930-31ರಲ್ಲಿ ಔಷಧಗಳ ಗುಣದೋಷಗಳನ್ನು ವಿಚಾರಿಸಿತು. 1940ರ ಔಷಧ ಶಾಸನವು ಆ ಪರಿಶ್ರಮದ ಫಲ. ಆದರೆ ಅದು ಬ್ರಿಟಿಷ್ ಇಂಡಿಯಾದ ಕಾನೂನು. ನಿಜಾಮರ ಆಳ್ವಿಕೆಯ ಲಿಂಗಸುಗೂರು, ಸಿಂಧನೂರುಗಳು ಅದರ ಮೇರೆಯ ಆಚೆಗಿದ್ದುವು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಆಹಾರ ಕಲಬೆರಕೆಯನ್ನು ತಡೆಯುವ 1954ರ ಶಾಸನವು 1955ರ ಜೂನಿನಿಂದ ಜಾರಿಗೆ ಬಂದಿತು. ಅದರ ಸ್ಥಾನವನ್ನು ಈಗ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಪಡೆದಿದೆ.

ಶಾಸನವಿದ್ದೂ ಪಾಠ ಪೂರ್ತಿ ಮನಗಾಣಲಿಲ್ಲ. 1986ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ ಕುಡಿದ 14 ರೋಗಿಗಳು ಸತ್ತರು. ಅದರಲ್ಲಿ ಬೆರೆತಿದ್ದುದೂ ಡೈಎಥಿಲೀನ್ ಗ್ಲೈಕಾಲೇ. ನ್ಯಾಯಮೂರ್ತಿ ಲೆಂಟಿನ್ ಆಯೋಗವು ಅದನ್ನು ವಿಚಾರಿಸಿತು. 2022ರಲ್ಲಿ ಆಫ್ರಿಕದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳ ಸಾವಿಗೂ, 2025ರಲ್ಲಿ ಮಧ್ಯಪ್ರದೇಶದ ಛಿಂದವಾಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳ ಸಾವಿಗೂ ಕೆಮ್ಮಿನ ಔಷಧದಲ್ಲಿ ಸೇರಿದ್ದ ಇದೇ ಬಗೆಯ ವಿಷವು ಕಾರಣವೆಂದು ಎಣಿಸಲಾಯಿತು. ಗ್ಲಿಸರಿನಿನಂತೆ ಇದೂ ತಿಳಿ, ಸಿಹಿ, ಮಂದ. ಬೆಲೆ ಮಾತ್ರ ಕಡಮೆ. ಎಂಬತ್ತೆಂಟು ವರ್ಷಗಳ ಅಂತರದಲ್ಲಿ ಮಕ್ಕಳನ್ನು ಕೊಂದುದು ಔಷಧವಲ್ಲ. ಔಷಧವನ್ನು ಹೊತ್ತ ದ್ರವ.

ಸರ್ಫ್ಯಾಕ್ಟಂಟಿಗೂ ಇಂಥ ಪ್ರಸಂಗವಿದೆ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗೆಂದು 1983ರ ಕೊನೆಯಲ್ಲಿ ಅಮೆರಿಕದಲ್ಲಿ ಇ ಜೀವಸತ್ವದ ಒಂದು ಚುಚ್ಚುಮದ್ದು ಬಂದಿತು. ಎಣ್ಣೆಯಲ್ಲಿ ಮಾತ್ರ ಕರಗುವ ಆ ಜೀವಸತ್ವವನ್ನು ನೀರಿನಲ್ಲಿ ನಿಲ್ಲಿಸಲು ಪಾಲಿಸೋರ್ಬೇಟ್ ಎಂಬ ಸರ್ಫ್ಯಾಕ್ಟಂಟನ್ನು ಧಾರಾಳವಾಗಿ ಬಳಸಿದ್ದರು. 38 ಕೂಸುಗಳ ಸಾವಿಗೆ ಅದರೊಡನೆ ಸಂಬಂಧ ಕಂಡುಬಂದು, 1984ರಲ್ಲಿ ಅದನ್ನು ಹಿಂತೆಗೆದುಕೊಂಡರು. ಅದೇ ಪಾಲಿಸೋರ್ಬೇಟು ಐಸ್‌ಕ್ರೀಮಿನಲ್ಲಿ ಅಲ್ಪಪ್ರಮಾಣದಲ್ಲಿ ಅನುಮತಿ ಪಡೆದ ವಸ್ತು. ಹೊಟ್ಟೆಯ ದಾರಿ ಬೇರೆ, ರಕ್ತನಾಳದ ದಾರಿ ಬೇರೆ. ದೊಡ್ಡವರ ದೇಹ ಬೇರೆ, ಒಂದು ಸೇರು ತೂಗುವ ಕೂಸಿನ ದೇಹ ಬೇರೆ.

ಇದಕ್ಕೆ ಪ್ರತಿಯಾದ ಸಂಗತಿಯನ್ನೂ ಹೇಳದಿದ್ದರೆ ಚರಿತ್ರೆ ಏಕಪಕ್ಷೀಯವಾದೀತು. ಅಂಥ ಕೂಸುಗಳ ಶ್ವಾಸಕೋಶದಲ್ಲಿ ಸ್ವಾಭಾವಿಕವಾಗಿ ಇರಬೇಕಾದ ಸರ್ಫ್ಯಾಕ್ಟಂಟು ಇಲ್ಲದಿರುವುದೇ ಉಸಿರಾಟದ ತೊಂದರೆಗೆ ಕಾರಣವೆಂದು ಏವರಿ ಮತ್ತು ಮೀಡ್ 1959ರಲ್ಲಿ ತೋರಿಸಿದರು. 1980ರಲ್ಲಿ ಜಪಾನಿನ ಫುಜಿವಾರಾ ಅದನ್ನು ಹೊರಗಿನಿಂದ ಒದಗಿಸಿ ಕೂಸುಗಳು ಸುಧಾರಿಸಿದುದನ್ನು ವರದಿ ಮಾಡಿದನು. ಕೂಸುಗಳನ್ನು ಕೊಂದುದೂ ಉಳಿಸಿದುದೂ ಒಂದೇ ಪಂಗಡದ ದ್ರವ್ಯಗಳು. ಇವುಗಳಲ್ಲಿ ನಿಷ್ಕ್ರಿಯವೆನ್ನಬಹುದಾದುದು ಯಾವುದೂ ಇಲ್ಲ.

6

ಆಹಾರದ ಮಾತಿಗೆ ಬಂದರೆ, ಉಪ್ಪಿಗೆ ಸೇರಿಸಿದ ಅಯೋಡೇಟು ಗಳಗಂಡ ರೋಗವನ್ನು ತಡೆದ ಉಪಕಾರವನ್ನು ಮರೆಯಲಾಗದು. ಬ್ರೆಡ್ಡು ಉಬ್ಬಲೆಂದು ಬಹುಕಾಲ ಬಳಸಿದ ಪೊಟ್ಯಾಸಿಯಂ ಬ್ರೋಮೇಟನ್ನು ಭಾರತವು 2016ರಲ್ಲಿ ನಿಷೇಧಿಸಿತು. 2024ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರವು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣಗಳನ್ನೂ, ಕೃತಕ ಬಣ್ಣ ಹಾಕಿದ ಬೊಂಬಾಯಿ ಮಿಠಾಯಿಯನ್ನೂ ನಿಷೇಧಿಸಿತು. ಪರೀಕ್ಷೆಗೊಳಪಟ್ಟ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107ರಲ್ಲಿ ಬಳಸಬಾರದ ಬಣ್ಣವಿತ್ತು. ಬಟ್ಟೆಗೂ ಕಾಗದಕ್ಕೂ ಹಾಕುವ ರೋಡಮೈನ್-ಬಿ ಎಂಬ ಬಣ್ಣವೂ ಆ ತಿನಿಸುಗಳ ಪರೀಕ್ಷೆಯಲ್ಲಿ ಸಿಕ್ಕಿತು. ಜಾತ್ರೆಗಳಲ್ಲಿ ಗುಲಾಬಿ ಬಣ್ಣದ ಆ ಮಿಠಾಯಿಯನ್ನು ಕೊಂಡು ತಿನ್ನುವವರು ಯಾರೆಂಬುದನ್ನು ನಾವು ಹೇಳಬೇಕಾಗಿಲ್ಲ.

ಈಗ ಅಂಗಡಿಯ ಪೊಟ್ಟಣವನ್ನು ನೋಡೋಣ. ಬಿಸ್ಕತ್ತಿನ ಹೊದಿಕೆಯಲ್ಲಿ 322 ಎಂದಿದ್ದರೆ ಲೆಸಿಥಿನ್, 414 ಎಂದಿದ್ದರೆ ಗೋಂದು, 471 ಎಂದಿದ್ದರೆ ಎಣ್ಣೆಯಿಂದಲೇ ಮಾಡಿದ ಇನ್ನೊಂದು ಸರ್ಫ್ಯಾಕ್ಟಂಟು. ಆಹಾರದ ಚೀಟಿ ಸಂಖ್ಯೆಯನ್ನಾದರೂ ಹೇಳುತ್ತದೆ. ಔಷಧದ ಪಟ್ಟಿಯ ಮೇಲೆ ಔಷಧದ ತೂಕವನ್ನು ಸ್ಪಷ್ಟವಾಗಿ ಬರೆದು, ಉಳಿದುದನ್ನು 'ಎಕ್ಸಿಪಿಯಂಟ್ಸ್, ಕ್ಯೂ. ಎಸ್.' ಎಂದು ಮುಗಿಸಿರುವುದನ್ನು ಎಷ್ಟೋ ಕಡೆ ಕಾಣುತ್ತೇವೆ. ಲ್ಯಾಟಿನ್ನಿನ ಈ ಸಂಕ್ಷೇಪಕ್ಕೆ 'ಸಾಕಾಗುವಷ್ಟು' ಎಂದು ಅರ್ಥ. ಏನು ಸಾಕಾಗುವಷ್ಟು ಎಂಬುದನ್ನು ಅದು ಹೇಳುವುದಿಲ್ಲ. ಹಳ್ಳಿಯ ತಾಯಿಗೆ ತನ್ನ ಕೈಯಾರೆ ಬೆರೆಸಿದ ಅನುಪಾನದ ಹೆಸರು ಗೊತ್ತಿತ್ತು; ಔಷಧಾಲಯದಿಂದ ತಂದ ಸೀಸೆಯಲ್ಲಿರುವ ಅನುಪಾನದ ಹೆಸರು ಅವಳಿಗೆ ಗೊತ್ತಿಲ್ಲ. ಆ ನಡುವಣ ಅಂತರವೇ ನಾವು ಈವರೆಗೆ ಬರೆದ ಚರಿತ್ರೆ.

ಅಶೋಕನ ಮಸ್ಕಿಯ ಶಾಸನವು ಔಷಧದ ವಿಚಾರವನ್ನು ಹೇಳುವುದಿಲ್ಲ. ಆದರೆ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ದೊರೆತಿರುವ ಅವನ ಎರಡನೆಯ ಶಿಲಾಶಾಸನವು, ಮನುಷ್ಯರಿಗೂ ಪಶುಗಳಿಗೂ ಬೇಕಾದ ಮೂಲಿಕೆಗಳು ಇಲ್ಲದೆಡೆಗೆ ಅವನ್ನು ತರಿಸಿ ನೆಡಿಸಿದ ವಿಷಯವನ್ನು ಬಂಡೆಯ ಮೇಲೆ, ಎಲ್ಲರೂ ಕಾಣುವಂತೆ ಬರೆಯಿಸಿದೆ. ಪ್ರಜೆಗಳ ದೇಹಕ್ಕೆ ಸಂಬಂಧಿಸಿದ ಸಂಗತಿ ಪ್ರಜೆಗಳ ಕಣ್ಣಿಗೆ ಬೀಳಬೇಕೆಂಬ ಧೋರಣೆ ಅಲ್ಲಿದೆ. ಇಂದಿನ ಚೀಟಿಯಿಂದ ಅದಕ್ಕಿಂತ ಕಡಮೆಯಾದುದನ್ನು ನಿರೀಕ್ಷಿಸುವುದು ಉಚಿತವಲ್ಲ.

ಈ ಸೀಮೆಯ ಕಾಲೇಜುಗಳಲ್ಲಿ ಕಲಿಸುವವರಿಗೂ ಕಲಿಯುವವರಿಗೂ ಇಲ್ಲಿ ಎರಡು ಕೆಲಸಗಳಿವೆ. ಮೊದಲನೆಯದು, ಸವಳುಮಣ್ಣು, ಜಾಲಿಯ ಅಂಟು, ಹರಳೆಣ್ಣೆ, ತೌಡುಗಳ ಬಳಕೆಯನ್ನು ಕುರಿತು ಹಿರಿಯರ ಬಾಯಲ್ಲಿರುವ ಮಾತನ್ನೂ ಪ್ರಮಾಣವನ್ನೂ ಬರೆದಿಡುವುದು. ಆ ಹಿರಿಯರು ಬಹುಕಾಲ ನಮ್ಮೊಡನಿರುವುದಿಲ್ಲ. ಎರಡನೆಯದು, ತಮ್ಮ ಮನೆಯಲ್ಲಿ ಮಕ್ಕಳಿಗೆ ಕೊಡುವ ಔಷಧ, ತಿಂಡಿಗಳ ಚೀಟಿಗಳನ್ನು ಕನ್ನಡದಲ್ಲಿ ಅರ್ಥವಾಗುವಂತೆ ಬಿಡಿಸಿ ಬರೆದು ನೆರೆಹೊರೆಯವರಿಗೆ ತಿಳಿಸುವುದು. ರಸಾಯನಶಾಸ್ತ್ರದವರೂ ಚರಿತ್ರೆಯವರೂ ಕನ್ನಡದವರೂ ಕೂಡಿ ಮಾಡಬಹುದಾದ ಕೆಲಸವಿದು. ಬರಿಯ 'ಸಾಕಾಗುವಷ್ಟು' ಎಂಬ ಉತ್ತರವು ಸಾಲದೆಂಬುದನ್ನು ಮೇಲಿನ ಚರಿತ್ರೆಯು ತೋರಿಸಿದೆಯೆಂದು ನಾವು ನಂಬುತ್ತೇವೆ.